ಕುಚ್ಚಿನ ಅಕ್ಕನ ಲೆಕ್ಕ: ವಿಡಿಯೊ ಮಾಡುವುದು ಕೆಲಸವೇ?

ಇದು ದಾವಣಗೆರೆಯ ಒಂದು ಮನೆಯ ಪ್ರಕರಣ. ಈ ಊರಿನಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಮತ್ತು ತೆರಿಗೆ ರಿಟರ್ನ್ ನೋಡಿಕೊಡುವುದು ನನ್ನ ಕಸುಬು. ಕಿರಾಣಿ ಅಂಗಡಿಯವರು, ಬಟ್ಟೆ ಅಂಗಡಿಯವರು, ಮಂಡಕ್ಕಿ ಭಟ್ಟಿಯವರು, ಲಾರಿ ಇಟ್ಟವರು ಬರುತ್ತಾರೆ. ಈಚೆಗೆ ವಿಡಿಯೊ ಮಾಡುವವರೂ ಬರುತ್ತಿದ್ದಾರೆ. ಇವರು ಮೊದಲು ಕೇಳುವುದು ತೆರಿಗೆ ಎಷ್ಟು ಅಂತ ಅಲ್ಲ. ‘ಸಾರ್, ಇದನ್ನ ಕೆಲಸ ಅಂತ ತೋರಿಸಬಹುದಾ?’ ಅಂತ.

ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ಒಬ್ಬರ ಕಥೆಯನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಹಣದ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಚಾನೆಲ್ ನೋಡುವವರೆಲ್ಲ ಅವರನ್ನು ‘ಅಕ್ಕ’ ಅಂತಲೇ ಕರೆಯುತ್ತಾರೆ. ಇಲ್ಲೂ ಹಾಗೇ ಇರಲಿ.

ಮನೆ, ಮಿಲ್ಲು, ಕುಚ್ಚು

ಅಕ್ಕನ ತವರು ಚಳ್ಳಕೆರೆ ಕಡೆ. ಪಿಯುಸಿ ಮುಗಿಸಿ ಮದುವೆಯಾಗಿ ದಾವಣಗೆರೆಗೆ ಬಂದವರು. ಗಂಡನಿಗೆ ಬೈಕ್ ಷೋರೂಮ್‌ನ ಬಿಡಿಭಾಗಗಳ ವಿಭಾಗದಲ್ಲಿ ಕೆಲಸ, ಸಂಬಳ 18,000. ಒಬ್ಬಳು ಮಗಳು. ಮನೆಯಲ್ಲಿ ಅತ್ತೆ, ಮಾವ.

ಮಾವನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವರು ಹತ್ತಿ ಗಿರಣಿಯಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಸೈರನ್ ಕೂಗಿದರೆ ಶಿಫ್ಟು, ತಿಂಗಳಾದರೆ ಸಂಬಳ, ಸಂಬಳದಲ್ಲಿ ಪಿಎಫ್ ಕಡಿತ. ಕೆಲಸ ಅಂದರೆ ಅವರ ಲೆಕ್ಕದಲ್ಲಿ ಇದು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಇವರದ್ದೂ ಮುಚ್ಚಿತು. ಕೊನೆಗೆ ಕೈಗೆ ಬಂದದ್ದು ಪಿಎಫ್ ಹಣ ಮಾತ್ರ. ಆ ಹಣದಲ್ಲೇ ಇಬ್ಬರು ಹೆಣ್ಣುಮಕ್ಕಳ ಮದುವೆಯಾಯಿತು. ಹಾಗಾಗಿ ಸೊಸೆಯ ವಿಡಿಯೊ ಬಗ್ಗೆ ಅವರು ಮೊದಲು ಕೇಳಿದ ಪ್ರಶ್ನೆ, ‘ಅದರಲ್ಲಿ ಪಿಎಫ್ ಇದೆಯಾ?’ ಎಲ್ಲರೂ ನಕ್ಕರಂತೆ. ನನಗೆ ಮಾತ್ರ ಇದು ನಗುವ ಪ್ರಶ್ನೆ ಅನ್ನಿಸಲಿಲ್ಲ.

ಅಕ್ಕ ತವರಿನಲ್ಲೇ ಸೀರೆ ಕುಚ್ಚು ಕಟ್ಟುವುದನ್ನು ಕಲಿತಿದ್ದರು. ಇಲ್ಲಿಗೆ ಬಂದ ಮೇಲೆ ಒಂದು ಬ್ಲೌಸ್ ಅಂಗಡಿಗೆ ಕಟ್ಟಿಕೊಡುತ್ತಿದ್ದರು. ಅಂಗಡಿಯವರು ಗಿರಾಕಿ ಹತ್ತಿರ 250 ರೂಪಾಯಿ ತೆಗೆದುಕೊಂಡು ಇವರಿಗೆ 80 ಕೊಡುತ್ತಿದ್ದರು. ಒಂದು ಸೀರೆಗೆ ಎರಡು ಗಂಟೆ ಮೀರಿ ಹಿಡಿಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳು ನಿಂತವು, ಸೀರೆಗಳು ಬರುವುದೂ ನಿಂತಿತು. ಕೈ ಸುಮ್ಮನಿರಲಿಲ್ಲ. ಟೆರೇಸಿನ ಬೆಳಕಿನಲ್ಲಿ ಕೂತು, ಹಳೆಯ ಸೀರೆಯ ಸೆರಗಿಗೆ ಬೇಬಿ ಕುಚ್ಚು ಕಟ್ಟುವುದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬ್‌ಗೆ ಹಾಕಿದರು.

ಕುಚ್ಚು ಕಟ್ಟುವುದಕ್ಕಿಂತ ಅದನ್ನು ತೋರಿಸುವುದು ಕಷ್ಟ. ಸಿಲ್ಕ್ ದಾರದ ಇಪ್ಪತ್ತೈದು ಎಳೆ ಒಟ್ಟಿಗೆ ಹಿಡಿಯಬೇಕು. ಸೂಜಿಯಲ್ಲಿ ಸೆರಗಿನ ಅಂಚಿನೊಳಗೆ ಎಳೆದು, ಮಡಚಿ, ಕತ್ತಿನ ಹತ್ತಿರ ಜರಿ ದಾರ ಸುತ್ತಿ ಗಂಟು ಹಾಕಬೇಕು. ನೋಡುವವರಿಗೆ ಬೇಕಾದದ್ದು ಆ ಗಂಟು ಒಂದೇ. ಮೊದಲ ವಿಡಿಯೊಗಳಲ್ಲಿ ಮೊಬೈಲ್ ಎದುರಿಗಿತ್ತು. ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತಿತ್ತು. ಗಂಟು ಬೀಳುವ ಹೊತ್ತಿಗೆ ಸರಿಯಾಗಿ ಬಲಗೈ ಅಡ್ಡ ಬರುತ್ತಿತ್ತು. ‘ಅಕ್ಕಾ, ಗಂಟು ಕಾಣಲ್ಲ’ ಅಂತ ಒಬ್ಬರು ಬರೆದರು. ಅಕ್ಕ ಒಂದು ಸ್ಟೂಲಿಗೆ ಹಳೇ ಛತ್ರಿಯ ಕೋಲು ಕಟ್ಟಿದರು. ಮೊಬೈಲ್ ತನ್ನ ಎಡಭುಜದ ಮೇಲಿಂದ ಕೆಳಗೆ ನೋಡುವ ಹಾಗೆ ನಿಲ್ಲಿಸಿದರು. ಈಗ ನೋಡುವವರಿಗೆ ಕಾಣುವುದು ತಮ್ಮದೇ ಕೈ ಇದ್ದ ಹಾಗೆ. ಸೀರೆ ಬಣ್ಣದ ದಾರ ಕ್ಯಾಮೆರಾದಲ್ಲಿ ಸೀರೆಯೊಳಗೇ ಸೇರಿಹೋಗುತ್ತದೆ ಅಂತ ಗೊತ್ತಾದ ಮೇಲೆ ಕಡುಹಸಿರು ಬಟ್ಟೆ, ಹಳದಿ ದಾರ ಇಟ್ಟುಕೊಂಡರು. ಆ ಚಾನೆಲ್ ನಿಂತದ್ದು ಈ ಎರಡು ಬದಲಾವಣೆಯಿಂದ ಅಂತ ನನ್ನ ಲೆಕ್ಕ. ಅಕ್ಕ ಇದನ್ನು ಒಪ್ಪುವುದಿಲ್ಲ, ವರಮಹಾಲಕ್ಷ್ಮಿ ಹಬ್ಬದಿಂದ ಅನ್ನುತ್ತಾರೆ. ಹಬ್ಬದ ಮುಂಚೆ ಹಾಕಿದ ಒಂದು ವಿಡಿಯೊ ಊರೂರು ತಿರುಗಿತಂತೆ.

ಹಣ ಬಂತು, ಹೆಸರು ಬರಲಿಲ್ಲ

ಜಾಹೀರಾತಿನ ಹಣ ಸಿಗಬೇಕಾದರೆ ಯೂಟ್ಯೂಬ್‌ನಲ್ಲಿ 1,000 ಸಬ್‌ಸ್ಕ್ರೈಬರ್ ಇರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ 4,000 ಗಂಟೆ ವಿಡಿಯೊ ನೋಡಿರಬೇಕು. ಶಾರ್ಟ್ಸ್ ಅನ್ನುವ ತುಂಡು ವಿಡಿಯೊ ಮಾಡುವವರಿಗೆ ಬೇರೆ ಲೆಕ್ಕ ಇದೆ. ಅಕ್ಕ ಇದನ್ನು ದಾಟಲು ಒಂದೂವರೆ ವರ್ಷ ಹಿಡಿಯಿತು. ಆ ಒಂದೂವರೆ ವರ್ಷ ಒಂದು ರೂಪಾಯಿಯೂ ಇಲ್ಲ.

ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಾತ್ರಿಗೆ ಅಂಚೆಯಲ್ಲಿ ಒಂದು ಪಿನ್ ಸಂಖ್ಯೆ ಬರುತ್ತದೆ. ಪರದೇಶದ ಹೆಸರಿರುವ ಆ ಲಕೋಟೆ ಮಾವನ ಕೈಗೆ ಸಿಕ್ಕಿತು. ಯಾವುದೋ ಕೋರ್ಟ್ ನೋಟಿಸ್ ಅಂತ ಅವರು ಅದನ್ನು ದೇವರ ಮನೆಯ ಡಬ್ಬಿಯಲ್ಲಿ ಇಟ್ಟುಬಿಟ್ಟರು, ಮಗ ಬಂದ ಮೇಲೆ ಕೇಳೋಣ ಅಂತ. ಕೇಳಲು ಮರೆತರು. ಅಕ್ಕ ಎರಡನೇ ಸಲ ತರಿಸಿಕೊಳ್ಳಬೇಕಾಯಿತು. ಬಾಕಿ 100 ಡಾಲರ್ ಆಗುವ ತನಕ ಹಣ ಕಳಿಸುವುದಿಲ್ಲ. ಅಂತೂ 2022ರಲ್ಲಿ ಮೊದಲ ಹಣ ಬಂತು, ಎಂಟು ಸಾವಿರ ಚಿಲ್ಲರೆ.

ಅಲ್ಲಿಂದ ಒಂದು ವರ್ಷ ತಿಂಗಳಿಗೆ ಏಳು ಸಾವಿರದಿಂದ ಇಪ್ಪತ್ತು ಸಾವಿರದವರೆಗೆ ಏರುತ್ತ ಇಳಿಯುತ್ತ ಹೋಯಿತು. ಮಗಳ ಶಾಲೆ ಫೀಸು, ಗ್ಯಾಸ್, ಫ್ರಿಜ್‌ನ ಕಂತು ಇದರಲ್ಲೇ ನಡೆಯಿತು. ಆದರೂ ಮನೆಯಲ್ಲಿ ಅಕ್ಕ ‘ಮೊಬೈಲ್ ಹಿಡ್ಕೊಂಡು ಕೂರೋಳು’. ನೆಂಟರು ಬಂದರೆ ಅಡುಗೆ ಅವರದ್ದು. ನಾದಿನಿಯ ಬಾಣಂತನ ಅವರದ್ದು. ‘ನಿನಗೇನು, ಮನೇಲೇ ಇರ್ತೀಯಲ್ಲ’ ಅನ್ನುವ ಮಾತು. ನೀರು ಬಿಡುವ ದಿನ ಮೋಟರ್ ಸದ್ದು, ಕರೆಂಟು ಹೋದರೆ ಬೆಳಕಿಲ್ಲ. ಮಗಳು ಶಾಲೆಯಿಂದ ಬರುವ ಮುಂಚಿನ ಮೂರು ಗಂಟೆ ಮಾತ್ರ ಶೂಟಿಂಗ್‌ಗೆ. ಎಡಿಟಿಂಗ್ ರಾತ್ರಿ ಎಲ್ಲರೂ ಮಲಗಿದ ಮೇಲೆ.

ಗಂಡ ವಿರೋಧಿಯಲ್ಲ. ಆದರೆ ಗೆಳೆಯರು ‘ಹೆಂಡ್ತಿ ಯೂಟ್ಯೂಬರ್ ಅಂತೆ’ ಅಂದರೆ ಮಾತು ಬದಲಿಸುತ್ತಿದ್ದರು. ಮುಖ ತೋರಿಸಬಾರದು ಅನ್ನುವುದು ಅವರದ್ದೊಂದೇ ಷರತ್ತು. ಅಕ್ಕನಿಗೂ ಅದು ಬೇಕಾಗಿರಲಿಲ್ಲ, ಕೈ ಕಂಡರೆ ಸಾಕಿತ್ತು. ಇವತ್ತಿಗೂ ಆ ಚಾನೆಲ್‌ನಲ್ಲಿ ಮುಖ ಇಲ್ಲ.

ಬ್ಯಾಂಕಿನವರು ಕೇಳಿದ್ದು

ವಿಷಯ ನನ್ನ ತನಕ ಬಂದದ್ದು ಸಾಲದಿಂದ. 2023ರಲ್ಲಿ ಅಕ್ಕ ಎರಡೂವರೆ ಲಕ್ಷ ಸಾಲಕ್ಕೆ ಒಂದು ಬ್ಯಾಂಕಿಗೆ ಹೋದರು. ಒಂದು ಸಣ್ಣ ಕೋಣೆ ಬಾಡಿಗೆಗೆ ಹಿಡಿದು, ಕ್ಯಾಮೆರಾ, ಕಂಪ್ಯೂಟರ್ ತೆಗೆದುಕೊಳ್ಳುವ ಯೋಜನೆ. ಅರ್ಜಿಯಲ್ಲಿ ಉದ್ಯೋಗದ ಜಾಗದಲ್ಲಿ ‘ಗೃಹಿಣಿ’ ಅಂತ ಬರೆದಿದ್ದರು. ಅಧಿಕಾರಿ ಕೇಳಿದರು: ಅಂಗಡಿ ಎಲ್ಲಿದೆ? ಬೋರ್ಡಿನ ಫೋಟೊ ಇದೆಯಾ? ರಿಟರ್ನ್ ಎಲ್ಲಿ? ಯಾವುದೂ ಇರಲಿಲ್ಲ. ಜಾಹೀರಾತಿನ ಹಣ ಗಂಡನ ಜೊತೆಗಿನ ಜಂಟಿ ಖಾತೆಗೆ ಬೀಳುತ್ತಿತ್ತು. ಅದೇ ಖಾತೆಯಿಂದ ಹಾಲು, ತರಕಾರಿ, ಚೀಟಿ, ಎಲ್ಲ. ಸಾಲ ಸಿಗಲಿಲ್ಲ.

ಅಕ್ಕನಿಗೆ ಅವಮಾನವಾಗಿತ್ತು. ನಾನು ಆ ಅಧಿಕಾರಿಯನ್ನು ಬೈಯಲಿಲ್ಲ. ಅವರ ಮುಂದಿದ್ದ ಕಾಗದದಲ್ಲಿ ಕೆಲಸ ಅನ್ನುವುದು ಕಾಣುತ್ತಿರಲಿಲ್ಲ, ಅಷ್ಟೇ. ಯೂಟ್ಯೂಬ್ ಅಮೆರಿಕದ ಕಂಪನಿ, ಅದು ಕೇಳುವ ಅಲ್ಲಿನ ತೆರಿಗೆ ಫಾರಂ ಕೂಡ ಅಕ್ಕ ತುಂಬಿರಲಿಲ್ಲ. ಅದನ್ನು ತುಂಬದಿದ್ದರೆ ಒಟ್ಟು ಗಳಿಕೆಯಲ್ಲೇ ಶೇ 24ರವರೆಗೆ ತೆರಿಗೆ ಅಂತ ಹಿಡಿಯಬಹುದು. ತುಂಬಿ, ಭಾರತದವರು ಅಂತ ತೋರಿಸಿದರೆ ಅಮೆರಿಕದಲ್ಲಿ ಕೂತು ನೋಡಿದವರಿಂದ ಬಂದ ಪಾಲಿಗೆ ಮಾತ್ರ ಶೇ 15. ಅಕ್ಕನ ವಿಡಿಯೊ ಅಲ್ಲಿ ನೋಡುವವರು ಬೆರಳೆಣಿಕೆ. ಹತ್ತು ನಿಮಿಷದ ಫಾರಂ ಅದು, ಇಂಗ್ಲಿಷಿನಲ್ಲಿದೆ ಅಂತ ಹೆದರಿ ಬಿಟ್ಟಿದ್ದರು.

ಹಾಗಾದರೆ ಏನು ಮಾಡುವುದು? ಅಕ್ಕನ ಹೆಸರಿನಲ್ಲೇ ಬೇರೆ ಖಾತೆ ತೆರೆದು ಹಣ ಅಲ್ಲಿಗೆ ತಿರುಗಿಸಿದ್ದು ಮೊದಲ ಹೆಜ್ಜೆ. ಎರಡನೆಯದು ಒಂದು ನೂರು ಪುಟದ ನೋಟ್‌ಬುಕ್. ಅದರಲ್ಲಿ ಹಣ ಮಾತ್ರ ಅಲ್ಲ, ಗಂಟೆಯನ್ನೂ ಬರೆಯಬೇಕು ಅಂದೆ.

ನೋಟ್‌ಬುಕ್ ಹೇಳಿದ್ದು

ಅಕ್ಕ ಬರೆದ ಲೆಕ್ಕ ನೋಡಿ ನನಗೇ ಆಶ್ಚರ್ಯ. ಹತ್ತು ನಿಮಿಷದ ಒಂದು ವಿಡಿಯೊಗೆ ಸುಮಾರು ಹದಿನಾಲ್ಕು ಗಂಟೆ. ಮಾದರಿ ಯೋಚಿಸುವುದು, ಒಂದು ಸಲ ಕಟ್ಟಿ ನೋಡುವುದು, ಶೂಟಿಂಗ್, ದನಿ ಸೇರಿಸುವುದು, ಎಡಿಟಿಂಗ್, ಥಂಬ್‌ನೇಲ್ (ವಿಡಿಯೊದ ಮುಖಚಿತ್ರ), ಆಮೇಲೆ ಎರಡು ದಿನ ಕಾಮೆಂಟುಗಳಿಗೆ ಉತ್ತರ. ತಿಂಗಳಿಗೆ ಎಂಟು ವಿಡಿಯೊ, ಅಂದರೆ ಹತ್ತಿರ ಹತ್ತಿರ 110 ಗಂಟೆ. ಆ ತಿಂಗಳು ಬಂದದ್ದು 14,000. ದಾರ, ಬಟ್ಟೆ, ಡೇಟಾ, ಕರೆಂಟಿಗೆ 2,000 ಕಳೆದರೆ 12,000. ಗಂಟೆಗೆ 110 ರೂಪಾಯಿಗೆ ಒಂಚೂರು ಕಡಿಮೆ.

ಅಂಗಡಿಗೆ ಕಟ್ಟಿಕೊಡುವಾಗ ಗಂಟೆಗೆ 35 ರೂಪಾಯಿ ಬೀಳುತ್ತಿತ್ತು. ಗಿರಾಕಿಯಿಂದ ನೇರವಾಗಿ ಸೀರೆ ಪಡೆದರೆ 90. ಗಂಡನ ಸಂಬಳವನ್ನೂ ಭಾಗಿಸಿ ನೋಡೋಣ ಅಂತ ಅಕ್ಕನೇ ಅಂದರು. ತಿಂಗಳಿಗೆ 26 ದಿನ, ದಿನಕ್ಕೆ 9 ಗಂಟೆ. ಗಂಟೆಗೆ 77 ರೂಪಾಯಿ. ಅಕ್ಕ ಆ ಪುಟವನ್ನು ಮನೆಯಲ್ಲಿ ತೋರಿಸಲಿಲ್ಲ. ಅದು ಒಳ್ಳೆಯ ನಿರ್ಧಾರ ಅನ್ನಿಸುತ್ತದೆ ನನಗೆ, ಯಾಕೆಂದರೆ ಜನವರಿಯ ಪುಟ ಬೇರೆ ಥರ ಇತ್ತು. ಅಷ್ಟೇ ಗಂಟೆ, ಬಂದದ್ದು 7,500. ಖರ್ಚು ಕಳೆದರೆ ಗಂಟೆಗೆ 50. ದಸರಾ, ದೀಪಾವಳಿ ಹೊತ್ತಿಗೆ ಜಾಹೀರಾತು ಕೊಡುವವರು ಜಾಸ್ತಿ, ಹೊಸ ವರ್ಷ ಹುಟ್ಟಿದರೆ ಅವರ ಕೈ ಬಿಗಿ. ಆಷಾಢದಲ್ಲಿ ಮದುವೆಗಳಿಲ್ಲ, ಕುಚ್ಚು ಹುಡುಕುವವರೇ ಕಡಿಮೆ. ಶ್ರಾವಣ ಬಂತೋ ಮತ್ತೆ ಏರಿಕೆ. ಮೆಕ್ಕೆಜೋಳ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬೆಳೆ ನಮ್ಮದು, ರೇಟು ನಮ್ಮದಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಇನ್ನೊಂದು ಬಾಬ್ತು ಇತ್ತು. ‘ಇದೇ ದಾರ ಎಲ್ಲಿ ಸಿಗುತ್ತೆ ಅಕ್ಕಾ?’ ಅಂತ ಕೇಳಿದವರಿಗೆ ದಾರ, ಮಣಿ, ಸೂಜಿ, ಜರಿ ಸೇರಿಸಿ ಒಂದು ಡಬ್ಬಿ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಬೆಲೆ 349. ಸಾಮಾನು, ಡಬ್ಬಿ, ಅಂಚೆ ಕಳೆದು 115 ಉಳಿಯುತ್ತಿತ್ತು. ಒಂದು ಡಬ್ಬಿಗೆ ಇಪ್ಪತ್ತು ನಿಮಿಷ. ಅಕ್ಕ ಇದನ್ನು ‘ಚಿಲ್ಲರೆ ವ್ಯವಹಾರ’ ಅಂತ ಬರೆದಿಟ್ಟಿದ್ದರು. ಗಂಟೆಯ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ತರುತ್ತಿದ್ದದ್ದು ಅದೇ.

ಈ ಪ್ರಕರಣದ ತಿರುವು ಇದೇ ಅಂತ ನಾನು ಹೇಳುತ್ತೇನೆ. ಅಲ್ಲಿಯವರೆಗೆ ಅಕ್ಕ ತನ್ನ ಗಿರಾಕಿ ಯೂಟ್ಯೂಬ್ ಅಂದುಕೊಂಡಿದ್ದರು. ಅದು ಹಣ ಕೊಟ್ಟರೆ ಖುಷಿ, ಕಡಿಮೆ ಮಾಡಿದರೆ ಸಪ್ಪೆ ಮುಖ. ಆದರೆ ಗಿರಾಕಿ ಇದ್ದದ್ದು ಹೊನ್ನಾಳಿಯಲ್ಲಿ, ಹೊಸದುರ್ಗದಲ್ಲಿ, ಗದಗದಲ್ಲಿ, ಕುಚ್ಚು ಕಲಿಯಲು ಹೊರಟ ಹೆಣ್ಣುಮಕ್ಕಳು. ಬಾಡಿಗೆ ಕೋಣೆ, ದೊಡ್ಡ ಕ್ಯಾಮೆರಾ ಅವರಿಗೆ ಬೇಕಿರಲಿಲ್ಲ. ದಾರ ಬೇಕಿತ್ತು. ಎರಡೂವರೆ ಲಕ್ಷದ ಯೋಜನೆ ಅಲ್ಲಿಗೆ ಬಿತ್ತು. ಟೆರೇಸಿನ ಮೇಲೆ ಶೀಟು ಹಾಕಿದ ಕೋಣೆಯೊಂದು ಸುಮ್ನೆ ಬಿದ್ದಿತ್ತು, ಅದನ್ನೇ ಸುಣ್ಣ ಬಳಿದು ಸರಿಮಾಡಿದರು.

ಅತ್ತೆಯ 2,000 ರೂಪಾಯಿ

ರಿಟರ್ನ್ ಹಾಕೋಣ ಅಂದಾಗ ದೊಡ್ಡ ಅಡ್ಡಿ ಬಂದದ್ದು ಅತ್ತೆಯಿಂದ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅವರು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಗಿ ತಿಂಗಳಿಗೆ 2,000 ಅವರ ಖಾತೆಗೆ ಬರಲಾರಂಭಿಸಿತ್ತು. ‘ಸೊಸೆ ಇನ್ಕಮ್ ಟ್ಯಾಕ್ಸ್ ಅಂತ ಏನೋ ಹಾಕಿದ್ರೆ ನನ್ನ ದುಡ್ಡು ನಿಲ್ಲುತ್ತೆ’ ಅಂದರು. ಪಕ್ಕದ ಮನೆಯವರೂ ಹೌದು ಅಂದರು. ‘ನನ್ನದು ಗ್ಯಾರಂಟಿ ದುಡ್ಡು, ಅವಳದ್ದು ಬಂದ್ರೆ ಬಂತು’ ಅನ್ನುವ ಮಾತಿಗೆ ಮನೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ನಾನು ನಿಯಮ ಬಿಡಿಸಿ ಹೇಳಿದೆ. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಹಾಕುವವರಾಗಿದ್ದರೆ ಗೃಹಲಕ್ಷ್ಮಿ ಇಲ್ಲ. ಇಲ್ಲಿ ಯಜಮಾನಿ ಅತ್ತೆ, ಗಂಡ ಮಾವ. ರಿಟರ್ನ್ ಹಾಕುವುದು ಸೊಸೆ. ಅದೂ ಅಕ್ಕನ ಆದಾಯಕ್ಕೆ ಕಟ್ಟಬೇಕಾದ ತೆರಿಗೆ ಸೊನ್ನೆ. ಅತ್ತೆ ನನ್ನನ್ನು ಪೂರ್ತಿ ನಂಬಲಿಲ್ಲ. ಮುಂದಿನ ತಿಂಗಳ 2,000 ಬಂದ ಮೇಲೆ ನಂಬಿದರು.

ಜಿಎಸ್‌ಟಿ ವಿಷಯ ಮಾತ್ರ ಎಚ್ಚರದ್ದು. ನೋಂದಣಿ ಬೇಕಾಗುವುದು ವರ್ಷದ ವಹಿವಾಟು ಸೇವೆಗೆ 20 ಲಕ್ಷ, ಸರಕು ಮಾತ್ರ ಮಾರುವವರಿಗೆ 40 ಲಕ್ಷದ ಮಿತಿ ದಾಟಿದರೆ. ಅಕ್ಕ ಅದರ ಹತ್ತಿರವೂ ಇಲ್ಲ. ಆದರೆ ಇಂಥ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಮಿತಿಯ ಮಾತೇ ಇಲ್ಲ, ನೋಂದಣಿ ಮಾಡಿಸಲೇಬೇಕು. ಆ ಹೊತ್ತಿಗೆ ಪುಣೆಯಲ್ಲಿರುವ ಒಂದು ಕನ್ನಡಿಗರ ಮಹಿಳಾ ಬಳಗದವರು ಒಟ್ಟಿಗೆ 40 ಡಬ್ಬಿ ಕೇಳಿದ್ದರು. ಅಷ್ಟು ದೊಡ್ಡ ಆರ್ಡರ್ ಅಲ್ಲಿಯವರೆಗೆ ಬಂದಿರಲಿಲ್ಲ. ಅಕ್ಕ ಎರಡು ದಿನ ಯೋಚಿಸಿ ಬೇಡ ಅಂದರು. ಸದ್ಯಕ್ಕೆ ಕರ್ನಾಟಕದೊಳಗೆ ಮಾತ್ರ. ‘40 ಡಬ್ಬಿಗೋಸ್ಕರ ತಿಂಗಳು ತಿಂಗಳು ರಿಟರ್ನ್ ಯಾರು ಹಾಕೋದು ಸಾರ್’ ಅಂದರು. ವ್ಯಾಪಾರ ಗೊತ್ತಿರುವವರ ಮಾತು ಇದು.

ಬಣ್ಣ ಬಿಟ್ಟ ದಾರ

ನಡುವೆ ಬಂದ ಆಸೆಗಳು ಬೇಕಾದಷ್ಟು. ಒಂದು ಶಾರ್ಟ್ಸ್ 20 ಲಕ್ಷ ಜನಕ್ಕೆ ಮುಟ್ಟಿತು. ಓಣಿಯಲ್ಲೆಲ್ಲ ಸುದ್ದಿ, ಗಂಡನೂ ಷೋರೂಮ್‌ನಲ್ಲಿ ತೋರಿಸಿಕೊಂಡು ಬಂದರಂತೆ. ಹಣ ನಾಲ್ಕು ಸಾವಿರವೂ ಆಗಲಿಲ್ಲ. ಅದೇ ತಿಂಗಳು ಒಂದೂವರೆ ಲಕ್ಷ ಜನ ನೋಡಿದ ಹನ್ನೆರಡು ನಿಮಿಷದ ವಿಡಿಯೊ ಆರು ಸಾವಿರ ತಂದಿತ್ತು. ಜಾಹೀರಾತಿನ ಹಣ ಹಂಚುವ ರೀತಿಯೇ ಬೇರೆ. ದೊಡ್ಡ ವಿಡಿಯೊದಲ್ಲಿ ಬಂದ ಜಾಹೀರಾತಿನ ಹಣದಲ್ಲಿ ಮಾಡಿದವರಿಗೆ ಶೇ 55. ಶಾರ್ಟ್ಸ್‌ನದು ಒಂದು ಸಾಮೂಹಿಕ ಹುಂಡಿ, ಅದರಲ್ಲಿ ಇವರ ಪಾಲು ಅಂತ ಲೆಕ್ಕ ಬಂದದ್ದರ ಶೇ 45. ಅಕ್ಕ ಶಾರ್ಟ್ಸ್ ಬಿಡಲಿಲ್ಲ, ಆದರೆ ದೊಡ್ಡ ವಿಡಿಯೊಗೆ ದಾರಿ ತೋರಿಸಲು ಮಾತ್ರ ಇಟ್ಟುಕೊಂಡರು.

ಒಂದು ಗಣೇಶನ ಹಬ್ಬದಲ್ಲಿ ಇನ್ನೊಂದು ಪೆಟ್ಟು. ಓಣಿಯ ಪೆಂಡಾಲಿನ ಸ್ಪೀಕರಿನಿಂದ ಸಿನಿಮಾ ಹಾಡೊಂದು ಅಕ್ಕನ ರೆಕಾರ್ಡಿಂಗ್ ಒಳಗೆ ನುಗ್ಗಿತ್ತು. ಹಾಡಿನ ಹಕ್ಕುದಾರರ ಹೆಸರಿನಲ್ಲಿ ಯೂಟ್ಯೂಬ್ ತಾನಾಗಿಯೇ ಗುರುತು ಹಾಕಿ ಆ ವಿಡಿಯೊದ ಹಣ ಅವರ ಕಡೆ ತಿರುಗಿಸಿತು. ಚಾನೆಲ್ ಮುಚ್ಚಿಹೋಗುತ್ತದೆ ಅಂತ ಅಕ್ಕ ಅತ್ತರು. ಮುಚ್ಚುವುದು ಈ ಗುರುತಿಗಲ್ಲ, 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್, ಅಂದರೆ ಹಕ್ಕುದಾರರ ದೂರಿನ ಮೇಲಿನ ಎಚ್ಚರಿಕೆ, ಬಿದ್ದರೆ. ಹಾಡಿನ ಭಾಗದ ಸದ್ದು ತೆಗೆದು ಸರಿಮಾಡಿದರು. ಈಗ ಗಣೇಶನ ವಾರ ಶೂಟಿಂಗ್ ಇಲ್ಲ.

ದಾರದ ವಿಷಯ ಇದಕ್ಕಿಂತ ಗಟ್ಟಿಯಾದದ್ದು. ದಾರ ಮಾರುವ ಒಬ್ಬರು ಮಾದರಿ ಕಳಿಸಿ, ‘ಹೊಗಳಿ ಒಂದು ವಿಡಿಯೊ ಮಾಡಿ, 10,000 ಕೊಡ್ತೀವಿ’ ಅಂದರು. ದುಡ್ಡು ಕೊಟ್ಟದ್ದನ್ನು ಹೇಳಬಾರದು ಅನ್ನುವ ಷರತ್ತು ಬೇರೆ. ಅಕ್ಕ ಕೆಂಪು ದಾರದ ಒಂದು ತುಂಡನ್ನು ಸ್ಟೀಲ್ ಬಟ್ಟಲಿನ ನೀರಿನಲ್ಲಿ ಹಾಕಿಟ್ಟರು. ಅಡುಗೆ ಮುಗಿಸಿ ಬರುವಷ್ಟರಲ್ಲಿ ನೀರು ದಾಸವಾಳದ ಬಣ್ಣ. ಈ ದಾರದಲ್ಲಿ ಕುಚ್ಚು ಕಟ್ಟಿ, ಗಿರಾಕಿಯ ರೇಷ್ಮೆ ಸೀರೆಗೆ ಬಣ್ಣ ಹತ್ತಿದರೆ ಅದನ್ನು ತುಂಬಿಕೊಡುವುದು ಕಲಿಯಲು ಹೊರಟ ಆ ಬಡ ಹೆಣ್ಣುಮಗಳು. ಅಕ್ಕ ಒಲ್ಲೆ ಅಂದರು. ಮನೆಯಲ್ಲಿ ಯಾರಿಗೂ ಇದು ಹಿಡಿಸಲಿಲ್ಲ. ಅದು ಜನವರಿ, ಕೈ ಖಾಲಿ ಇದ್ದ ತಿಂಗಳು.

ಕಾನೂನಿನ ಕಡೆಯಿಂದಲೂ ಅದು ಸರಿಯಾದ ಹೆಜ್ಜೆ. ಹಣ ಅಥವಾ ಉಡುಗೊರೆ ಪಡೆದು ಹೊಗಳಿದರೆ ಅದನ್ನು ಹೇಳಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸ್ಪಷ್ಟ ಮಾಡಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಪ್ರಚಾರಕ್ಕೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಇದೆ. ಆದರೆ ಅಕ್ಕ ಒಲ್ಲೆ ಅಂದಾಗ ಈ ಕಾಯ್ದೆ ಅವರಿಗೆ ಗೊತ್ತೇ ಇರಲಿಲ್ಲ.

ಆರು ವಾರ

ಮುಂದಿನ ವರ್ಷ ಅಕ್ಕನ ತಾಯಿಗೆ ಕಾಯಿಲೆ. ಅಕ್ಕ ಆರು ವಾರ ತವರಿನಲ್ಲಿದ್ದರು. ಹೊಸ ವಿಡಿಯೊ ಇಲ್ಲ. ವ್ಯೂಸ್ ಅರ್ಧಕ್ಕೆ ಇಳಿಯಿತು, ಜಾಹೀರಾತಿನ ಹಣ ಆರು ಸಾವಿರಕ್ಕೆ ಬಂತು. ‘ನೋಡಿ, ಒಂದು ತಿಂಗಳು ಕೂತರೆ ಮುಗೀತು, ಇದೆಂಥಾ ಕೆಲಸ’ ಅಂತ ಗಂಡನೇ ನನಗೆ ಫೋನಿನಲ್ಲಿ ಅಂದರು.

ಡಬ್ಬಿಯ ಆರ್ಡರ್ ಮಾತ್ರ ನಿಲ್ಲಲಿಲ್ಲ. ಜನ ಹಳೇ ವಿಡಿಯೊ ನೋಡಿ ವಾಟ್ಸ್‌ಆ್ಯಪ್ ಮಾಡುತ್ತಿದ್ದರು. ಅಕ್ಕ ಆಸ್ಪತ್ರೆಯಿಂದ ವಿಳಾಸ ಕಳಿಸುವುದು, ಇಲ್ಲಿ ಡಬ್ಬಿ ಕಟ್ಟಬೇಕಾದದ್ದು ಮಾವ. ಬೇರೆ ಯಾರೂ ಇರಲಿಲ್ಲ. ಗಿರಣಿಯಲ್ಲಿ ನೂಲು ನೋಡಿದ ಕಣ್ಣು ಅದು. ಎರಡನೇ ದಿನವೇ ‘ಈ ಕಟ್ಟಿನ ದಾರ ಒಂದೇ ಸಮ ಇಲ್ಲ, ವಾಪಸ್ ಕಳಿಸು’ ಅಂತ ಫೋನ್ ಮಾಡಿದರಂತೆ. ಅಕ್ಕ ಕಳಿಸಿದರು. ಅಂಗಡಿಯವರು ಬದಲಿಸಿಕೊಟ್ಟರು. ಆಮೇಲಿಂದ ದಾರ ಬಂದರೆ ಮೊದಲು ಬಿಚ್ಚಿ ನೋಡುವುದು ಮಾವ.

ಅಷ್ಟಾಗಿ ಅವರು ಬದಲಾದರು ಅಂತ ಅಂದುಕೊಳ್ಳಬೇಡಿ. ಮನೆಗೆ ಬಂದವರು ‘ಸೊಸೆ ಏನು ಮಾಡ್ತಾಳೆ’ ಅಂತ ಕೇಳಿದರೆ ಈಗಲೂ ‘ಮನೇಲಿರ್ತಾಳೆ’ ಅಂತಲೇ ಹೇಳುತ್ತಾರೆ. ಒಮ್ಮೆ ಕಾರಣ ಕೇಳಿದೆ. ‘ಅವಳು ಮಲಗಿದಾಗಲೂ ದುಡ್ಡು ಬಂತಲ್ಲ. ಮಿಲ್ಲಲ್ಲಿ ಮಗ್ಗ ನಿಂತರೆ ಕೂಲಿ ನಿಲ್ತಿತ್ತು. ಹಾಗಿರೋದನ್ನ ಕೆಲಸ ಅಂತ ಹೆಂಗೆ ಅನ್ನಲಿ?’ ಅಂದರು. ಮೊದಲು ಹಣ ಬರಲ್ಲ ಅಂತ ಕೆಲಸ ಅಲ್ಲ ಅನ್ನುತ್ತಿದ್ದರು. ಈಗ ಸುಮ್ನೆ ಬರುತ್ತೆ ಅಂತ ಕೆಲಸ ಅಲ್ಲ ಅನ್ನುತ್ತಾರೆ!

ಇದರಿಂದ ಬೇರೆಯವರಿಗೆ ಏನು ಸಿಗುತ್ತದೆ

ಸರ್ಕಾರದ ಮಟ್ಟಿಗೆ ಈ ಪ್ರಶ್ನೆ ಮುಗಿದಿದೆ. 2025-26ರ ತೆರಿಗೆ ನಿರ್ಧಾರಣಾ ವರ್ಷದ ರಿಟರ್ನ್ ಫಾರಂನಲ್ಲಿ ಸಾಮಾಜಿಕ ಜಾಲತಾಣದ ಪ್ರಭಾವಿಗಳಿಗೆ (ಇನ್‌ಫ್ಲುಯೆನ್ಸರ್) ಅಂತಲೇ 16021 ಅನ್ನುವ ಉದ್ಯೋಗದ ಕೋಡ್ ಸಂಖ್ಯೆ ಬಂತು. ಅದಕ್ಕೂ ಮುಂಚೆಯೇ ಈ ಹಣ ವ್ಯಾಪಾರ ಅಥವಾ ವೃತ್ತಿಯ ಆದಾಯ ಅಂತ ಲೆಕ್ಕಕ್ಕೆ ಬರುತ್ತಿತ್ತು. ತೆರಿಗೆ ಇಲಾಖೆಗೆ ಯಾವತ್ತೂ ಅನುಮಾನ ಇರಲಿಲ್ಲ ನೋಡಿ. ಅನುಮಾನ ಇದ್ದದ್ದು ಮನೆಯವರಿಗೆ ಮತ್ತು ಬ್ಯಾಂಕಿಗೆ.

ನನ್ನ ಅಭಿಪ್ರಾಯ ಇಷ್ಟು. ವಿಡಿಯೊ ಮಾಡುವುದು ಕೆಲಸವೇ. ಹದಿನಾಲ್ಕು ಗಂಟೆ ಬೆನ್ನು ಬಗ್ಗಿಸಿದ್ದನ್ನು ಬೇರೆ ಏನಂತ ಕರೆಯುವುದು? ಆದರೆ ಜಾಹೀರಾತಿನ ಹಣವೊಂದನ್ನೇ ನಂಬಿದರೆ ಅದು ಜೀವನ ನಡೆಸುವ ಕೆಲಸ ಅಲ್ಲ, ಕನ್ನಡದ ಸಣ್ಣ ಚಾನೆಲ್‌ಗಳ ಮಟ್ಟಿಗಂತೂ ಅಲ್ಲ. ಅಕ್ಕನ ಮನೆಯಲ್ಲಿ ನಿಂತದ್ದು ಕುಚ್ಚು. ವಿಡಿಯೊ ಆ ಕುಚ್ಚಿಗೆ ಊರೂರಿನಿಂದ ಗಿರಾಕಿ ತಂದಿತು. ಎರಡರಲ್ಲಿ ಒಂದನ್ನು ತೆಗೆದರೂ ಅಂಗಡಿಯ 80 ರೂಪಾಯಿಯೇ ಗತಿ.

ಚಿತ್ರದುರ್ಗದಿಂದ ಒಬ್ಬ ಹುಡುಗ ಬಂದಿದ್ದ. ಡಿಪ್ಲೊಮಾ ಕೊನೆಯ ವರ್ಷ, ಬಿಟ್ಟು ಪೂರ್ತಿ ವಿಡಿಯೊ ಮಾಡುತ್ತೇನೆ ಅಂದ. ಕೋಟೆ, ಓಬವ್ವನ ಕಿಂಡಿ, ಚಂದ್ರವಳ್ಳಿ, ನಡುವೆ ನಮ್ಮೂರಿಗೆ ಬಂದು ಬೆಣ್ಣೆದೋಸೆ. ಚೆನ್ನಾಗಿಯೇ ತೆಗೆಯುತ್ತಾನೆ. ಆದರೆ ಇದೇ ಕಿಂಡಿ, ಇದೇ ಬೆಣ್ಣೆ ಕರಗುವ ದೋಸೆ ಎಷ್ಟು ಚಾನೆಲ್‌ಗಳಲ್ಲಿ ಇಲ್ಲ? ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ, ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಹಾಗಿಲ್ಲ ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಅಪ್ಪನಿಂದ ಸಾಲ ಮಾಡಿಸಿ ಡ್ರೋನ್ ಕೊಳ್ಳುವವನಿದ್ದ. ಡಿಪ್ಲೊಮಾ ಮುಗಿಸು, ಭಾನುವಾರ ಮಾಡು, ಒಂದು ವರ್ಷ ಗಂಟೆ ಮತ್ತು ಹಣ ಎರಡನ್ನೂ ಬರೆದು ತಾ ಅಂದೆ. ಬೇಜಾರಾಗಿ ಹೋದ. ಅವನಿಗೆ ‘ಇದು ಕೆಲಸ ಅಲ್ಲ’ ಅಂತ ನಾನು ಹೇಳಲಿಲ್ಲ. ಕೆಲಸಕ್ಕೆ ಮೊದಲು ಒಂದೂವರೆ ವರ್ಷ ಸಂಬಳ ಇಲ್ಲದೆ ಇರಬಲ್ಲೆಯಾ ಅಂತ ಮಾತ್ರ ಕೇಳಿದೆ. ಅಕ್ಕನಿಗೆ ಆ ಒಂದೂವರೆ ವರ್ಷ ಅನ್ನ ಹಾಕಿದ್ದು ಗಂಡನ 18,000. ಇದನ್ನು ಯಾವ ಯಶಸ್ಸಿನ ಕಥೆಯಲ್ಲೂ ಜಾಸ್ತಿ ಹೇಳುವುದಿಲ್ಲ.

ಮನೆಯವರಿಗೂ ಒಂದು ಮಾತು. ಅಕ್ಕನಿಗೆ ಬೇಕಾದದ್ದು ಹೊಗಳಿಕೆ ಅಲ್ಲ, ಮಧ್ಯಾಹ್ನದ ಮೂರು ಗಂಟೆ. ಟೆರೇಸಿನ ಕೋಣೆಗೆ ಬಾಗಿಲು ಬಂದ ಮೇಲೆ, ಬಾಗಿಲು ಹಾಕಿದ್ದರೆ ಕರೆಯಬಾರದು ಅಂತ ಗಂಡ ಒಂದು ನಿಯಮ ಮಾಡಿದರು. ವಾದ ಮಾಡಿ ಗೆಲ್ಲಲಾಗದ್ದು ಆ ಬಾಗಿಲಿನಿಂದ ಆಯಿತು.

ಈಗ

ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಆಯಿತು, ಅದಕ್ಕೆ ಖರ್ಚಿಲ್ಲ. ಒಂದು ವರ್ಷದ ರಿಟರ್ನ್, ಅಕ್ಕನ ಹೆಸರಿನ ಖಾತೆಯ ಪಾಸ್‌ಬುಕ್ ಇಟ್ಟು ಮುದ್ರಾ ಯೋಜನೆಯ ಶಿಶು ಸಾಲಕ್ಕೆ ಅರ್ಜಿ ಹಾಕಿದರು. ಅದರ ಮಿತಿ 50,000, ಜಾಮೀನು ಬೇಡ. ಈ ಸಲ ಸಿಕ್ಕಿತು. ಅರ್ಜಿಯಲ್ಲಿ ಉದ್ಯೋಗದ ಜಾಗದಲ್ಲಿ ‘ಕುಚ್ಚು ತರಬೇತಿ ಮತ್ತು ಸಾಮಗ್ರಿ ಮಾರಾಟ’ ಅಂತ ಇತ್ತು. ಆ ಹಣದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್, ಉಳಿದದ್ದಕ್ಕೆ ದಾರ. ದಾರವನ್ನು ಸಗಟು ಬೆಲೆಯಲ್ಲಿ ತಂದದ್ದರಿಂದ ಒಂದು ಡಬ್ಬಿಗೆ ಉಳಿಯುವುದು 115ರಿಂದ 140ಕ್ಕೆ ಏರಿತು.

ಡಬ್ಬಿ ಕಟ್ಟಲು ಓಣಿಯ ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದರು. ಅವಳಿಗೆ ಈಗ ಮದುವೆ ಗೊತ್ತಾಗಿದೆ. ಶ್ರಾವಣ ಹತ್ತಿರ ಬರುತ್ತಿದೆ, ಆರ್ಡರ್ ಜಾಸ್ತಿಯಾಗುವ ಹೊತ್ತು. ಹಾಗಾಗಿ ಅಕ್ಕ ಬೇರೆಯವರನ್ನು ಹುಡುಕುತ್ತಿದ್ದಾರೆ, ನನಗೂ ಹೇಳಿದ್ದಾರೆ. ಮಧ್ಯಾಹ್ನ ಮೂರು ಗಂಟೆ ಕೆಲಸ, ತಿಂಗಳಿಗೆ 4,500, ಭಾನುವಾರ ರಜೆ, ಗಣೇಶನ ವಾರವೂ ರಜೆ. ದಾರ ಒಂದೇ ಸಮ ಇದೆಯೋ ಇಲ್ಲವೋ ನೋಡುವುದನ್ನು ಮಾವ ಕಲಿಸಿಕೊಡುತ್ತಾರಂತೆ.